ದೀಪಾ ದೊಡ್ದು ಮಾಡ

ಕಳೆದ ವಾರ ಕಿಟಕಿಗೆ ಬಣ್ಣ ಹಚ್ಚಲು ಬಂದವನು ಬ್ರಶ್ ತೊಳೆಯಲೆಂದು ಸೀಮೆಎಣ್ಣೆಯ ಬಾಟಲಿ ತೆರೆದ. ಆ ವಾಸನೆ ಅಡುಗೆಮನೆಗೆ ಬಂದದ್ದೇ ತಡ, ಬಿಡಿಸುತ್ತಿದ್ದ ಮೆಂತ್ಯದ ಸೊಪ್ಪನ್ನು ಕೆಳಗಿಟ್ಟು ನಾನು ಸುಮ್ಮನೆ ಕೂತುಬಿಟ್ಟೆ. ಬನಹಟ್ಟಿಯಲ್ಲಿ ಅದಕ್ಕೆ ಚಿಮಣಿ ಎಣ್ಣೆ ಎನ್ನುತ್ತಿದ್ದೆವು. ಅಪ್ಪನ ತಾಯಿ, ನಮ್ಮ ಆಯಿಯ ಸೆರಗಿಗೆ ಸಂಜೆಯ ಹೊತ್ತು ಯಾವಾಗಲೂ ಅದೇ ವಾಸನೆ. ಈಗ ಆಯಿ ಇಲ್ಲ, ಆ ಮನೆಯಿದ್ದ ಜಾಗದಲ್ಲಿ ಅಂಗಡಿಗಳ ಸಾಲಿದೆ.

ಬೇಸಿಗೆಯ ಸಂಜೆ ಕರೆಂಟು ಹೋಗುವುದು ನಿಮ್ಮ ಊರಲ್ಲೂ ಇದ್ದದ್ದೇ. ಆದರೆ ಆಯಿ ಅದಕ್ಕೆ ಅಣಿಯಾಗುತ್ತಿದ್ದುದು ಮನೆಗೆ ಬೀಗರು ಬರುವವರಿದ್ದಾರೆ ಎಂಬಂತೆ. ಬಿಸಿಲು ಇಳಿಯುವ ಮೊದಲೇ ಕೊಡಗಳು ತುಂಬಿರಬೇಕು, ಜೋಳದ ಹಿಟ್ಟು ಗಿರಣಿಯಿಂದ ಬಂದಿರಬೇಕು. ಆಮೇಲೆ ಕಂದೀಲಿನ ಗಾಜನ್ನು ಬೂದಿಯಿಂದ ತಿಕ್ಕಿ, ಒಳಗೆ ಹಾ ಎಂದು ಉಸಿರು ಬಿಟ್ಟು, ಹಳೆಯ ಧೋತರದ ತುಂಡಿನಿಂದ ಒರೆಸುವಳು. ಬತ್ತಿಯ ಸುಟ್ಟ ಅಂಚು ಕತ್ತರಿಸುವಾಗ ಅವಳ ಬೆರಳುಗಳನ್ನು ನೋಡಬೇಕಿತ್ತು. ನಮ್ಮದು ನೇಕಾರರ ಮನೆ. ನಮ್ಮಜ್ಜ, ಮುತ್ಯಾ, ನೆಲದ ಕುಣಿಗೆ ಕಾಲು ಇಳಿಬಿಟ್ಟು ಕುಣಿಮಗ್ಗದಲ್ಲಿ ಸೀರೆ ನೇಯುತ್ತಿದ್ದ. ಮಗ್ಗಕ್ಕೆ ಉದ್ದಕ್ಕೆ ಹಾಸಿದ ನೂಲು, ಹಳೆಯ ಹಾಸು, ಮುಗಿದಾಗ ಅದರ ತುದಿಗೆ ಹೊಸ ಹಾಸಿನ ಒಂದೊಂದು ಎಳೆಯನ್ನೂ ಹೊಸೆದು ಕೂಡಿಸುವ ಕೆಲಸ ಆಯಿಯದು. ಆ ಬೆರಳು ನಿಂತರೆ ಮಗ್ಗವೂ ನಿಂತಂತೆ. ಕಾನ್ವೆಂಟಿನಿಂದ ಬಂದವಳೇ ನಾನು ಗಾಜು ಮುಟ್ಟಹೋದರೆ, "ಬ್ಯಾಡವ್ವಾ, ಇಂಗ್ಲಿಷ್ ಕೈಗೆ ಮಸಿ ಹತ್ತತೈತಿ," ಎಂದು ನಗುವಳು.

ಒಂದು ವರ್ಷ ಅಪ್ಪನ ತಮ್ಮ, ನಮ್ಮ ಕಾಕಾ, ಮೈಸೂರಿನ ಕಡೆಯ ಹುಡುಗಿಯನ್ನು ಮದುವೆಯಾಗಿ ಕರೆತಂದ. ಹೊಸ ಕಾಕಿಗೆ ನಮ್ಮ ಮಾತು ಅರ್ಧ ತಿಳಿಯದು. ಆದರೂ ಆಯಿಯ ಹಿಂದೆ ಹಿಂದೆಯೇ ಇರುವಳು. ಒಂದು ಸಂಜೆ ಕರೆಂಟು ದಿನಾ ಹೋಗುವ ಹೊತ್ತಿಗಿಂತ ಮೊದಲೇ ಹೋಯಿತು. ಕಾಕಿ ಹೊತ್ತಿಸಿದ ಕಂದೀಲು ಹಿಡಿದು ನಿಂತಿದ್ದಳು. ಆಯಿ ಮಗ್ಗದ ಪಕ್ಕ ಕೂತು ಇನ್ನೊಂದಕ್ಕೆ ಎಣ್ಣೆ ಹಾಕುತ್ತಿದ್ದಳು. ಡಬ್ಬಿ ಜಾರಿತು. ಎಣ್ಣೆ ನೂಲಿನ ಲಡಿಗಳ ಕಡೆ ಹರಿಯತೊಡಗಿತು.

"ಯವ್ವಾ, ದೀಪಾ ದೊಡ್ದು ಮಾಡ! ಲಗೂನ!" ಆಯಿ ಕೂಗಿದಳು.

ಕಾಕಿ ಬತ್ತಿಯನ್ನು ಪೂರಾ ಏರಿಸಿ, ಚೆಲ್ಲಿದ್ದು ಕಾಣಲೆಂದು ಬಗ್ಗಿ ಹಿಡಿದಳು.

"ಏ, ದೊಡ್ದು ಮಾಡಬೇ ಅಂದ್ರ!"

"ಮಾಡ್ದೆ ಅತ್ತೆ, ಇನ್ನೂ ಬೇಕಾ?"

ಗಾಜು ಫಟ್ಟನೆ ಸಿಡಿಯಿತು. ಬೆಚ್ಚಿದ ಕಾಕಿಯ ಕೈಯಿಂದ ಕಂದೀಲು ಎಣ್ಣೆಯೊಳಗೇ ಬಿತ್ತು.

ನಮ್ಮ ಕಡೆ ದೀಪ 'ಆರಿಸು' ಎನ್ನಬಾರದು, ಅಪಶಕುನ. ದೊಡ್ಡದು ಮಾಡು ಎಂದರೇ ಆರಿಸು ಎಂದರ್ಥ. ಎಣ್ಣೆ ಕಾಲಬುಡಕ್ಕೆ ಬಂದಾಗಲೂ ಆಯಿಯ ಬಾಯಿಂದ ಆ ಕೆಟ್ಟ ಮಾತು ಹೊರಡಲಿಲ್ಲ. ಎರಡು ಸಲವೂ ಹೊರಡಲಿಲ್ಲ. ಕಾಕಿಯನ್ನು ಹೊರಗೆ ದಬ್ಬಿ, ಮಗ್ಗದ ಎಳೆಗಳಿಗೆ ಹತ್ತಿದ ಉರಿಯನ್ನು ಆಯಿ ಬರಿಗೈಯಿಂದ ಬಡಿದಳು. ಮುತ್ಯಾ ಒದ್ದೆ ಗೋಣಿಚೀಲ ತಂದು ನೆಲದ ಬೆಂಕಿಯ ಮೇಲೆ ಹಾಕಿದ. ಹಾಸು ಬಹಳಷ್ಟು ಉಳಿದಿತ್ತು. ಆಯಿ ಎರಡೂ ಕೈ ಮುಂದೆ ಚಾಚಿ, ಅವು ಬೇರೆ ಯಾರದೋ ಎಂಬಂತೆ ನೋಡುತ್ತಿದ್ದಳು.

ನೋಡಲು ಬಂದ ನೆರೆಮನೆಯಾಕೆ, "ಮೈಸೂರ ಸೊಸಿ ದೀಪಾ ಬರೋಬ್ಬರಿ ದೊಡ್ದು ಮಾಡ್ಯಾಳ ಬಿಡ," ಎಂದಳು. ಕಾಕಿ ತಲೆ ತಗ್ಗಿಸಿದಳು. ಬ್ಯಾಂಡೇಜಿನ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡಿದ್ದ ಆಯಿ ಬಿಡಲಿಲ್ಲ: "ನಾ ಹೇಳಿದ್ದನ್ನ ಮಾಡ್ಯಾಳವಾ. ನಿನ್ನ ಸೊಸಿ ಒಂದ ಮಾತರ ಕೇಳ್ತಾಳೇನ?"

ಗಾಯ ಒಣಗಿತು, ಬೆರಳುಗಳು ಮಾತ್ರ ಮಡಚಿದಂತೆಯೇ ಉಳಿದವು. ಕಾಕಿ ಎಳೆ ಹೊಸೆಯುವುದನ್ನು ಕಲಿಯಲು ಕೂತಳು. ಆಯಿ ಹೇಳಬಲ್ಲಳು, ತೋರಿಸಲಾರಳು. ಕಾಕಿ ಕೂಡಿಸಿದ ಎಳೆಗಳು ಮುತ್ಯಾ ಎಳೆದೊಡನೆ ಬಿಚ್ಚಿಕೊಳ್ಳುತ್ತಿದ್ದವು. ಅವಳು ಅಳುತ್ತ ಮತ್ತೆ ಮೊದಲಿನಿಂದ ಕೂಡುವಳು. ಮಳೆಗಾಲ ಬರುವ ಹೊತ್ತಿಗೆ ಮುತ್ಯಾ ಮಗ್ಗ ಬಿಚ್ಚಿ, ಕಾಲಿಳಿಬಿಡುವ ಆ ಕುಣಿಗೆ ಬುಟ್ಟಿ ಬುಟ್ಟಿ ಮಣ್ಣು ತುಂಬಿದ. ಮೇಲೆ ಕಾಕಿ ಸೆಗಣಿ ಸಾರಿಸಿದಳು. ನೆಲ ಒಣಗಿದ ಮೇಲೆ ಆಯಿ ಬಾಗಿಲಲ್ಲಿ ನಿಂತು ಬಹಳ ಹೊತ್ತು ಒಳಗೆ ನೋಡಿದಳು.

"ಈ ಖೋಲಿ ಇಷ್ಟ ಅಗಲ ಇತ್ತೇನ?" ಎಂದಳು.