ಪಾದದ ಗಂಟಿಗೆ ಗಣಿಯ ಕಲ್ಲು

ನನ್ನ ಬಲಪಾದದ ಮೇಲೆ ಹುಣಸೆಬೀಜದಷ್ಟು ಗಂಟು ಕಾಣಿಸಿಕೊಂಡು ಹದಿಮೂರು ತಿಂಗಳಾಗಿತ್ತು. ನೋವಿರಲಿಲ್ಲ. ಪೊಲೀಸ್ ಕೆಲಸದ ಓಟದ ಪರೀಕ್ಷೆಗೆಂದು ದಿನವೂ ಕಾಮಸಮುದ್ರದ ಮೈದಾನದಲ್ಲಿ ಓಡಿ, ಎಷ್ಟು ಸುತ್ತು, ಎಷ್ಟು ನಿಮಿಷ ಎಂದು ಡೈರಿಯಲ್ಲಿ ಬರೆಯುತ್ತಿದ್ದೆ. ಗಂಟಿಗೆ ಶೂ ಉಜ್ಜತೊಡಗಿದಾಗ ಮನೆಯಲ್ಲಿ ಹೇಳಿದೆ. ಅದೇ ತಪ್ಪಾಯಿತು.

ಒಂದೇ ವಾರದಲ್ಲಿ ಹದಿನೇಳು ಮಂದಿ ಸಲಹೆ ಕೊಟ್ಟರು. ಒಂಬತ್ತು ಮಂದಿ ಕೇಳದೆಯೇ ಒತ್ತಿ ನೋಡಿದರು. ಗೆದ್ದವರು ದೊಡ್ಡಪ್ಪ. ಕೋರಮಂಡಲ್ ಚಿನ್ನದ ಗಣಿಯಲ್ಲಿ ದುಡಿದವರು; ಅಲ್ಲಿಂದ ತಂದ ಚಪ್ಪಟೆ ಕಲ್ಲೊಂದು ಇವತ್ತಿಗೂ ಅವರ ದೇವರ ಗೂಡಿನಲ್ಲಿದೆ. ಅದರಲ್ಲಿ ಚಿನ್ನವಿದೆಯಂತೆ, ಕಟ್ಟಿಕೊಂಡರೆ ಎಂಥ ಗಂಟೂ ಕರಗುತ್ತದಂತೆ. ಚಿನ್ನವಿದ್ದಿದ್ದರೆ ಕಂಪನಿಯವರು ಅದನ್ನು ಗೂಡಿನವರೆಗೆ ಬಿಡುತ್ತಿದ್ದರೇ?

“ಬಿಗಿಯಾಗಿ ಕಟ್ಕೋ ಅಮ್ಮಣ್ಣಿ, ಇಪ್ಪತ್ತೊಂದು ದಿನ. ಡಾಕ್ಟ್ರು ಕುಯ್ತಾರೆ, ಕಲ್ಲು ಕರಗಿಸ್ತದೆ,” ಎಂದರು.

“ಓಡಬೋದಾ ದೊಡ್ಡಪ್ಪ?”

“ಕುದ್ರೆ ತರ ಓಡು. ಪಾತಾಳದಿಂದ ಬಂದಿರೋ ಕಲ್ಲದು, ನಿನ್ನ ಗಂಟಿಗೆ ಎದ್ರಿಕೊಂತದಾ?”

ಕಟ್ಟಿಕೊಂಡೆ. ಡಿಗ್ರಿ ಓದಿದ ನನ್ನ ಬುದ್ಧಿಯೂ ಅಷ್ಟೇ. ದಿನವೂ ದಾರದಿಂದ ಅಳೆದೆ. ಹನ್ನೊಂದನೆಯ ದಿನ ಗಂಟು ಅರ್ಧಕ್ಕಿಳಿಯಿತು. ದೊಡ್ಡಪ್ಪ ಬೀದಿಯವರನ್ನೆಲ್ಲ ಕರೆದು ನನ್ನ ಪಾದ ತೋರಿಸಿದರು. ಹದಿನಾರನೆಯ ದಿನ, ನಾಲ್ಕನೆಯ ಸುತ್ತಿನಲ್ಲಿ, ಪಾದದೊಳಗೆ ಮೊಳೆ ಹೊಡೆದಂತಾಗಿ ನೆಲಕ್ಕೆ ಕುಸಿದೆ.

ರಾಬರ್ಟ್‌ಸನ್‌ಪೇಟೆಯ ಮೂಳೆ ಡಾಕ್ಟರು ಎಕ್ಸ್‌ರೇ, ಸ್ಕ್ಯಾನ್ ಎರಡನ್ನೂ ಮಾಡಿಸಿದರು. ಅದು ಕೀಲಿನ ಪಕ್ಕ ಅಂಟಂಟಾದ ನೀರು ತುಂಬಿಕೊಂಡ ಚೀಲ. ಕ್ಯಾನ್ಸರ್ ಅಲ್ಲ. ಆದರೆ ಎಷ್ಟೇ ಮೆತ್ತಗಿದ್ದರೂ ತಿಂಗಳುಗಟ್ಟಲೆ ಒಂದೇ ಕಡೆ ಒತ್ತುತ್ತಿದ್ದರೆ ಮೂಳೆಯೇ ಸವೆದು ಜಾಗ ಬಿಡುತ್ತದೆ. ನನ್ನ ಮೂಳೆಯಲ್ಲಿ ಬಟಾಣಿ ಕೂರುವಷ್ಟು ಗುಳಿ ಬಿದ್ದಿತ್ತು. ಗಂಟು ಕರಗಿರಲಿಲ್ಲ, ಒಳಕ್ಕೆ ಸರಿದಿತ್ತು.

“ಗುಳಿ ಮೊದ್ಲಿಂದ ಆಗ್ತಾ ಬಂದಿರುತ್ತೆ,” ಎಂದರು ಡಾಕ್ಟರು. “ಅದರ ಮೇಲೆ ಕಲ್ಲು ಬೇರೆ ಕಟ್ಟಿ ಓಡಿದೀಯ. ಮೇಲೆ ಕಲ್ಲು, ಕೆಳಗೆ ಮೂಳೆ. ಅದು ಎಲ್ಲಿಗಮ್ಮ ಹೋಗ್ಬೇಕು?”

“ಓಟಕ್ಕೆ ಇನ್ನು ಇಪ್ಪತ್ತಮೂರೇ ದಿನ ಸಾರ್.”

“ಗಂಟು ತೆಗೆದು ಮೂಳೆ ತುಂಬೋವರೆಗೂ ಓಡೋ ಹಾಗಿಲ್ಲ. ಮುರಿದ್ರೆ ಪೊಲೀಸ್ ಕೆಲಸವೇ ಮರೆತುಬಿಡು.”

ಪರೀಕ್ಷೆಯ ದಿನ, ಪಟ್ಟಿ ಸುತ್ತಿದ ಕಾಲನ್ನು ದಿಂಬಿನ ಮೇಲಿಟ್ಟು ಮಲಗಿದ್ದೆ. ನನ್ನನ್ನು ನೋಡಲು ಬಂದವರಿಗೆ ದೊಡ್ಡಪ್ಪ ಪಡಸಾಲೆಯಲ್ಲಿ ಕೂತು ಹೇಳುತ್ತಿದ್ದರು: “ಇನ್ನೈದು ದಿನ ಕಟ್ಟಿದ್ರೆ ಪೂರಾ ಓಗ್ತಿತ್ತು. ಈ ಕಾಲದ ಉಡ್ಗೀರ್ಗೆ ತಾಳ್ಮೆ ಎಲ್ಲೈತೆ?”

ಬಂದವರೆಲ್ಲ ಹೌದೆಂದು ತಲೆಯಾಡಿಸಿದರು. ಆರು ಮಂದಿ.