ಇಬ್ಬರಿಗೆ ಒಂದೇ ಜೋಡಿ ಕೋಲು

ವಿಷಮಶೀತ ಜ್ವರ ಇಳಿದಾಗ ನನ್ನ ಕಾಲುಗಳಲ್ಲಿ ಏನೂ ಉಳಿದಿರಲಿಲ್ಲ. ಎಪ್ಪತ್ತರ ದಶಕದ ನಡುಭಾಗ. ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ಗುಮಾಸ್ತನಾಗಿದ್ದೆ, ವಯಸ್ಸು ಮೂವತ್ತೊಂದು. ತಿಂಗಳಿಡೀ ಆಸ್ಪತ್ರೆಯ ಮಂಚದಲ್ಲಿ ಬಿದ್ದಿದ್ದವನಿಗೆ ಎದ್ದು ನಿಂತರೆ ಮಂಡಿ ಮಡಚಿಕೊಳ್ಳುತ್ತಿತ್ತು. ಡಾಕ್ಟರು ಎರಡು ಬಿದಿರು ಕೋಲು ತರಿಸಿ, "ಎರಡೂ ಕೈಗೆ ಒಂದೊಂದು. ದಿನಾ ವರಾಂಡದಲ್ಲಿ ನಡೀರಿ, ಬಲ ತಾನಾಗೇ ಬರುತ್ತೆ" ಎಂದರು.

ಕೋಲುಗಳು ವಾರ್ಡಿನವು. ಹಿಡಿಗೆ ಸುತ್ತಿದ್ದ ಬಟ್ಟೆ ಎಷ್ಟೋ ಜನರ ಬೆವರು ಕುಡಿದು ಕಪ್ಪಾಗಿ, ಅಂಟಂಟಾಗಿತ್ತು. ಮುಟ್ಟಿದ ಕೈಯನ್ನು ಮೂಗಿನ ಹತ್ತಿರ ತಂದರೆ ಹಳಸಿದ ಗಂಜಿಯ ವಾಸನೆ. ಸಾಲದ್ದಕ್ಕೆ ಅವನ್ನು ಪಕ್ಕದ ಮಂಚದ ಮುದುಕರ ಜೊತೆ ಹಂಚಿಕೊಳ್ಳಬೇಕಿತ್ತು. ಅವರು ಹೆಗ್ಗನಹಳ್ಳಿಯ ರೈತರು. ಸೊಂಟಕ್ಕೆ ಪೆಟ್ಟು ಬಿದ್ದು ನನಗಿಂತ ಮುಂಚೆಯೇ ಬಂದಿದ್ದರು. ಹೊಗೆಸೊಪ್ಪು ಜಗಿದು ಮಂಚದ ಕೆಳಗಿನ ಡಬ್ಬಿಗೆ ಉಗಿಯುವರು, ತುಟಿ ಒರೆಸಿಕೊಂಡ ಕೈಯಲ್ಲೇ ಕೋಲು ಹಿಡಿಯುವರು. ಅವರ ಸರದಿ ಮುಗಿದ ಮೇಲೆ ನನ್ನದು. ಎರಡು ದಿನ ಸುಸ್ತು ಎಂದು ಸುಳ್ಳು ಹೇಳಿ ಮಲಗಿಯೇ ಇದ್ದೆ.

ನನ್ನನ್ನು ಎಬ್ಬಿಸಿದ್ದು ಬೆಡ್‌ಪ್ಯಾನ್. ಒಂದು ಬೆಳಿಗ್ಗೆ ಆಯಾ ಅದನ್ನು ಸರಿಯಾಗಿ ತೊಳೆಯದೆ ತಂದಿಟ್ಟಳು. ಅಂಚಿನಲ್ಲಿ ಇನ್ನಾರದೋ ಹೊಲಸು.

"ಬೇಡ, ನಾನೇ ಹೋಗ್ತೀನಿ" ಎಂದೆ.

"ಬಿದ್ರೆ ನನ್ನ ಬೈಬೇಡಿ ಸಾರ್" ಎಂದಳು.

ಕಕ್ಕಸು ವರಾಂಡದ ತುದಿಯಲ್ಲಿತ್ತು. ಅಂಟು ಹಿಡಿಗಳನ್ನು ಬೆರಳ ತುದಿಯಲ್ಲಷ್ಟೇ ಹಿಡಿದು ಹೊರಟೆ. ಹಿಂದಿನಿಂದ ಮುದುಕರು ಹೇಳಿದರು: "ಸ್ವಾಮಿ, ಹಂಗೆ ಹಿಡೀಬ್ಯಾಡಿ. ಮುಷ್ಟೀಲಿ ಹಿಡ್ಕಂಡು ಮೈಭಾರ ಕೋಲಿನ ಮ್ಯಾಲೆ ಬುಡಿ."

ಕಿವಿಗೊಡಲಿಲ್ಲ. ಕಕ್ಕಸಿನ ಬಾಗಿಲ ಬಳಿ ನಿಂತಿದ್ದ ನೀರಿನಲ್ಲಿ ಬಲಗೈ ಕೋಲು ಜಾರಿ, ಬೋರಲಾಗಿ ಬಿದ್ದೆ. ಅದು ಬರಿಯ ನೀರಾಗಿರಲಿಲ್ಲ. ಬಾಯಿಗೂ ಹೋಯಿತು. ಅಲ್ಲೇ ವಾಂತಿ ಮಾಡಿಕೊಂಡೆ.

ಗೋಡೆ ಹಿಡಿದುಕೊಂಡು, ನರಳುತ್ತ ಬಂದವರು ಅದೇ ಮುದುಕರು. ನೆಲದಲ್ಲಿ ಕೂತು ನನ್ನ ತಲೆ ಎತ್ತಿ, ಹೆಗಲ ಮೇಲಿನ ಟವಲಿನಿಂದ ಮುಖ, ಬಾಯಿ, ಕುತ್ತಿಗೆ ಒರೆಸಿದರು. ಟವಲು ಹೊಗೆಸೊಪ್ಪು ನಾರುತ್ತಿತ್ತು. ಮುಖ ತಿರುಗಿಸಿಬಿಟ್ಟೆ.

"ಅಸಹ್ಯ ಆಯ್ತದೆ ಅಲ್ವಾ?" ಎಂದರು, ಕೋಪವಿಲ್ಲದೆ. "ನಂಗೂ ಆಯ್ತಿತ್ತು ಸ್ವಾಮಿ. ಜ್ವರ ಜಾಸ್ತಿ ಇದ್ದಾಗ ನೀವು ಹಾಸಿಗೇಲೇ ಮಾಡ್ಕಂತಿದ್ರಿ. ಮೂಗು ಮುಚ್ಕಂಡು ಮಲಗ್ತಿದ್ದೆ. ಇನ್ನೇನ್ ಮಾಡಕಾಯ್ತದೆ?"

ಆ ದಿನಗಳ ನೆನಪೇ ನನಗಿರಲಿಲ್ಲ, ಯಾರೂ ಹೇಳಿರಲೂ ಇಲ್ಲ. ವಾರ್ಡಿನ ಹೊಲಸೆಲ್ಲ ಬೇರೆಯವರದು ಎಂದುಕೊಂಡಿದ್ದೆ. ಅವತ್ತು ನನ್ನ ಮೇಲೇ ಹೇಸಿಗೆಯಾಗಿ ಊಟ ಸೇರಲಿಲ್ಲ.

ಮಾರನೆಯ ದಿನದಿಂದ ಮುಷ್ಟಿ ಬಿಗಿದು ಕೋಲು ಹಿಡಿದೆ. ಹೆಂಡತಿ ವಿಜಯನಗರದ ಮನೆಯಿಂದ ಹಳೆಯ ಸೀರೆಯ ತುಂಡು ತಂದು ಹಿಡಿಗೆ ಸುತ್ತಿದಳು. ಎರಡೇ ದಿನದಲ್ಲಿ ಅದೂ ಕಪ್ಪಾಯಿತು. ಹೇಸಿಗೆ ಹೋಯಿತು ಎಂದರೆ ಸುಳ್ಳಾಗುತ್ತದೆ. ಪ್ರತಿ ಸಲವೂ ಮೈ ಮುದುಡುತ್ತಿತ್ತು, ಆದರೂ ಹಿಡಿಯುತ್ತಿದ್ದೆ. ಹತ್ತು ದಿನದಲ್ಲಿ ವರಾಂಡದ ಆ ತುದಿಗೂ ಈ ತುದಿಗೂ ಆರು ಸಲ ನಡೆಯುವಷ್ಟಾದೆ.

ಮನೆಗೆ ಹೊರಟ ದಿನ ಮುದುಕರು ನನ್ನ ಎರಡೂ ಕೈ ಹಿಡಿದುಕೊಂಡು ಬಹಳ ಹೊತ್ತು ಮಾತಾಡಿದರು. ನಾನು ಬಿಡಿಸಿಕೊಳ್ಳಲಿಲ್ಲ. ಬಸ್‌ಸ್ಟಾಪಿನ ಹತ್ತಿರ ನಲ್ಲಿ ಕಂಡಾಗ ಮಾತ್ರ ನಿಂತು ಕೈ ತೊಳೆದುಕೊಂಡೆ.