ನಾಲ್ಕನೆಯ ಶೀಲ

ಬಸವಕಲ್ಯಾಣದ ಆ ಓಣಿಯಲ್ಲಿ ಏಪ್ರಿಲ್ ಬಂತೆಂದರೆ ಹೆಂಗಸರ ಕಾಲು ನೆಲದ ಮೇಲೆ ನಿಲ್ಲುವುದಿಲ್ಲ. ಭೀಮ ಜಯಂತಿಯ ಮೆರವಣಿಗೆಯಲ್ಲಿ ಲೇಜಿಮ್ ಝಳಪಿಸುತ್ತ ಕುಣಿಯುವವರು ಅವರೇ. ಈ ಸಲ ಎಲ್ಲರ ಮುಂದೆ ಹೆಜ್ಜೆ ಹಾಕುವವಳು ಆಮ್ರಪಾಲಿ ಎಂದು ಗೊತ್ತಾದಾಗ ಅವಳಿಗೆ ಎದೆಯೊಳಗೇ ಹಲಗೆ ಬಡಿದಂತಾಯಿತು.

ಆಮ್ರಪಾಲಿ ಶಾಲೆಯಲ್ಲಿ ಬಿಸಿಯೂಟ ಬೇಯಿಸುವ, ನಲವತ್ತು ದಾಟಿದ ಹೆಂಗಸು. ಸ್ವಭಾವವೇ ಗದ್ದಲದ್ದು; ನಕ್ಕರೆ ಓಣಿಗೆಲ್ಲ ಕೇಳಬೇಕು. ಕಳೆದ ವರ್ಷದ ವಿಡಿಯೊದಲ್ಲಿ ತನ್ನ ಹೊಟ್ಟೆ ತನಗಿಂತ ಮುಂದೆ ಹೋಗುವುದನ್ನು ನೋಡಿ, ಇಳಿಸಿಯೇ ಸೈ ಎಂದು ಹಟ ಹಿಡಿದಿದ್ದಳು. ಈಗ ಮೈ ಅರ್ಧ ಇಳಿದಿತ್ತು. ಹೇಗೆ ಎಂದು ಕೇಳಿದವರಿಗೆಲ್ಲ ಒಂದೇ ಉತ್ತರ: ರಾತ್ರಿ ಒಂದು ರೊಟ್ಟಿ ಕಡಿಮೆ, ಬೆಳಿಗ್ಗೆ ಕೋಟೆಯ ತನಕ ನಡಿಗೆ, ಮತ್ತೇನಿಲ್ಲ. ಹೇಳುವಾಗ ಎಂಥ ಹಿಗ್ಗು! ಅದು ಸುಳ್ಳೆಂಬುದೇ ಮರೆತುಹೋಗುತ್ತಿತ್ತು. ಅವಳು ಕೋಟೆಯ ಕಡೆ ತಲೆ ಹಾಕಿದವಳಲ್ಲ. ಶಾಲೆಯ ಮಕ್ಕಳಿಗೆಲ್ಲ ಹೊಟ್ಟೆ ತುಂಬ ಬಡಿಸಿ, ತಾನು ನಿಂಬೆಹಣ್ಣಿನ ನೀರು ಕುಡಿದು ಮಲಗುತ್ತಿದ್ದಳು. ಎದ್ದರೆ ಕಣ್ಣು ಕತ್ತಲೆ, ಬಾಚಿದರೆ ಕೈ ತುಂಬ ಕೂದಲು.

ಅವಳ ಮಾತನ್ನು ಪೂರ್ತಿ ನಂಬಿದವಳು ಸುಮೇಧಾ. ಇಬ್ಬರೂ ಮೋರಖಂಡಿಯಲ್ಲಿ ಕೂಡಿ ಬೆಳೆದವರು. ಸುಮೇಧಾ ಈಗ ಹುಮನಾಬಾದಿನ ಸೊಸೆ, ಭಾನುವಾರ ಬಸ್ಸು ಹತ್ತಿ ಲೇಜಿಮ್ ತಾಲೀಮಿಗೆ ಬರುವಳು. ಪಾಪ, ಒಂದು ರೊಟ್ಟಿ ಬಿಟ್ಟಳು, ನಡೆದಳು, ಮೈ ಜಗ್ಗಲಿಲ್ಲ. ಕದ್ದು ತಿನ್ನುತ್ತೀ ಎಂದು ಆಮ್ರಪಾಲಿ ಎಲ್ಲರೆದುರು ನಗೆಯಾಡಿದಳು. ಆಮೇಲೆ ಸುಮೇಧಾ ಸರಸರ ಇಳಿಯತೊಡಗಿದಳು. ನೀನು ಹೇಳಿದಂತೆಯೇ ಮಾಡುತ್ತಿದ್ದೇನೆ ಎಂದಳು. ಆಮ್ರಪಾಲಿಗೆ ಒಳಗೆ ಚುಚ್ಚಿತು. ತಾನು ಹೇಳಿದಂತೆ ಮಾಡಿದರೆ ಯಾರೂ ಅಷ್ಟು ಇಳಿಯುವುದಿಲ್ಲವೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು?

ಜಯಂತಿಯ ಹಿಂದಿನ ಭಾನುವಾರ ಬೌದ್ಧ ವಿಹಾರದ ಅಂಗಳ ಗಿಜಿಗುಡುತ್ತಿತ್ತು. ಹೊಸ ಬಿಳಿ ಸೀರೆಗಳು ಬಂದಿದ್ದವು. ತಾಲೀಮಿಗೆ ಮೊದಲು ಕೈಮುಗಿದು ಪಂಚಶೀಲ ಹೇಳುವುದು ಅಲ್ಲಿಯ ರೂಢಿ. ನಾಲ್ಕನೆಯದು ಸುಳ್ಳಾಡುವುದಿಲ್ಲವೆಂಬ ಪ್ರತಿಜ್ಞೆ. ಅದು ಬಂದಾಗ ಆಮ್ರಪಾಲಿ ಈಚೆಗೆ ಬರೀ ತುಟಿ ಅಲ್ಲಾಡಿಸುತ್ತಿದ್ದಳು. ಇಷ್ಟು ಜನರ ದನಿಯಲ್ಲಿ ಯಾರಿಗೆ ತಿಳಿಯುತ್ತದೆ ಎಂಬ ಧೈರ್ಯ. ಆವತ್ತೂ ಸುಮ್ಮನಾದಳು. ಪಕ್ಕದಲ್ಲಿದ್ದ ಸುಮೇಧಾಳ ದನಿಯಾದರೂ ಕೇಳಬೇಕಿತ್ತು, ಕೇಳಲಿಲ್ಲ. ತಿರುಗಿ ನೋಡಿದರೆ ಅವಳ ತುಟಿಯೂ ಬರೀ ಅಲ್ಲಾಡುತ್ತಿತ್ತು. ಐದನೆಯದಕ್ಕೆ ದನಿ ಮತ್ತೆ ಬಂತು.

ಆಮ್ರಪಾಲಿ ಗೆಳತಿಯ ಕೈ ಹಿಡಿದೆತ್ತಿದಳು. ಬಳೆಗಳು ಮೊಣಕೈ ತನಕ ಜಾರಿದವು.

"ಖರೇ ಹೇಳ, ಏನ್ ತಿಂದೀ?"

"ನಿನ್ನಿ ಜರಾ ಚಾ ಕುಡದೀನಿ," ಎಂದಳು ಸುಮೇಧಾ. "ನೀ ಹೇಳಿದಂಗ ಮಾಡಿದ್ರ ಮೈ ಇಳೀಲಿಲ್ಲ. ನಂದೇ ತಪ್ಪ ಅನ್ಕೊಂಡೆ."

ಆಮ್ರಪಾಲಿಗೆ ಕಣ್ಣು ತುಂಬಿ ಬಂತು. ಮುಂದಿನ ಜಾಗ ಹೋದರೆ ಹೋಗಲಿ ಎಂದು, ಎಲ್ಲರಿಗೂ ಕೇಳುವಂತೆ ಹೇಳಿದಳು:

"ತಪ್ಪ ನಿಂದಲ್ಲ. ನಾ ನಡದೂ ಇಲ್ಲ, ರೊಟ್ಟಿ ತಿಂದೂ ಇಲ್ಲ. ಉಪಾಸ ಇದ್ದು ನಿನಗ ಸುಳ್ಳ ಹೇಳೀನಿ."

ತಾಲೀಮು ನಡೆಸುವ ಹಿರಿಯಳು ಸುಮನಬಾಯಿ ತನ್ನ ಬುತ್ತಿ ಬಿಚ್ಚಿ, ಜೋಳದ ರೊಟ್ಟಿ, ಪುಂಡಿ ಪಲ್ಯ ಇಬ್ಬರ ಮುಂದಿಟ್ಟಳು. ತಿನ್ನದೆ ಲೇಜಿಮ್ ಮುಟ್ಟಿದರೆ ನೋಡಿ ಎಂದು ಗದರಿದಳು. ಈ ವರ್ಷ ಇಬ್ಬರಿಗೂ ಕೊನೆಯ ಸಾಲೇ ಎಂದೂ ಹೇಳಿದಳು. ಆಮ್ರಪಾಲಿ ಹೂಂಗುಟ್ಟಿದಳು. ತಿಂದು ಕೈ ತೊಳೆದ ಮೇಲೆ, ಶೀಲ ಇನ್ನೊಮ್ಮೆ ಹೇಳೋಣವೇ ಎಂದು ಕೇಳಿದಳು.

ನಾಲ್ಕನೆಯದು ಬಂದಾಗ ಅವಳ ದನಿ ಓಣಿಯ ತುದಿಗೂ ಕೇಳಿತು. ಸುಮೇಧಾಳ ದನಿ ಸಣ್ಣದಿತ್ತು, ಆದರೆ ಆಮ್ರಪಾಲಿಗೆ ಅದು ಕೇಳಿಸಿತು.